ಎರಡನೇ ಅಂಕದ ಉಸಿರು

ರಂಗದ ಮೇಲೆ ಮುದುಕ ಸಾಯುತ್ತಿದ್ದ. ಅಂಚಿನ ಸೀಟಿನಲ್ಲಿ ಕೂತಿದ್ದ ವಿಮರ್ಶಕಿಗೆ ಕಣ್ಣು ತುಂಬಿ ಬಂತು. ಅವಳಿಗೇ ಅದು ಆಶ್ಚರ್ಯ. ಊರಿಗೆ ಬಂದ ನಾಟಕಗಳನ್ನೆಲ್ಲ ನೋಡಿ, ಯಾವುದಕ್ಕೆ ಹೋಗಬಹುದು, ಯಾವುದಕ್ಕೆ ಹೋದರೆ ಸಂಜೆ ದಂಡ ಎಂದು ಪತ್ರಿಕೆಯ ಓದುಗರಿಗೆ ಹೇಳುವುದು ಅವಳ ಕೆಲಸ. ಕಥೆ, ನಟನೆ, ಹಾಡುಗಳ ಜೊತೆಗೆ ಯಾವ ಸಾಲಿನಲ್ಲಿ ಮೊಣಕಾಲು ನೋಯುತ್ತದೆ, ಎಲ್ಲಿ ಕಂಬ ಅಡ್ಡ ಬರುತ್ತದೆ, ಎಸಿಯ ಚಳಿಗೆ ಶಾಲು ಬೇಕೋ ಬೇಡವೋ ಎಂಬುದನ್ನೂ ಬರೆಯುತ್ತಿದ್ದಳು. ನಾಟಕದವರು ಬೆನ್ನ ಹಿಂದೆ ಅವಳನ್ನು 'ಶಾಲು ಮೇಡಂ' ಎನ್ನುತ್ತಿದ್ದರು. ಶಾಲು ಮೇಡಂ ರಂಗದ ಸಾವಿಗೆ ಕರಗಿದ್ದನ್ನು ಯಾರೂ ಕಂಡಿರಲಿಲ್ಲ.

ಈ ಸಾವಿಗೆ ಮಾತಿರಲಿಲ್ಲ. ನಟ ಮಂಚದ ಮೇಲೆ ಅಲುಗಾಡದೆ ಮಲಗಿದ್ದ. ಸ್ಪೀಕರಿನಿಂದ ಉಸಿರು ಮಾತ್ರ ಕೇಳುತ್ತಿತ್ತು: ಎರಡು ಗಿಡ್ಡ, ಒಂದು ಉದ್ದ, ಆಮೇಲೆ ಸಭೆಯೆಲ್ಲ ತನ್ನ ಉಸಿರು ಬಿಗಿಹಿಡಿಯುವಷ್ಟು ಹೊತ್ತು ಏನೂ ಇಲ್ಲ. ಹಿಂದೆ ಟಿಕ್ ಟಿಕ್ ಎಂಬ ಸಣ್ಣ ತಾಳ. ಆ ತಾಳದ ಮೇಲೆ ಮೊದಲು ಒಂದು ಪಿಟೀಲು ಎದ್ದಿತು, ಅದರ ಬೆನ್ನಿಗೆ ಹೆಂಗಸರ ಕಂಠ, ಕೊನೆಗೆ ಇಡೀ ಮೇಳ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ಆಗ ಅವಳು ಉದ್ದದ ಉಸಿರಿನ ತುದಿಯಲ್ಲಿದ್ದ ಸಿಳ್ಳೆಯನ್ನು ಕೇಳಿದಳು.

ಮೂಗಿನ ಮೂಳೆ ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡರೆ ಬರುವಂಥ ಸಿಳ್ಳೆ. ಅವಳ ಗಂಡನಿಗೆ ಕಾಲೇಜಿನ ದಿನಗಳಲ್ಲಿ ಮೂಗಿಗೆ ಚೆಂಡು ಬಡಿದಿತ್ತು. ಮದುವೆಯ ಹೊಸದರಲ್ಲಿ ಆ ಸಿಳ್ಳೆಯಿಂದ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬರಬರುತ್ತ ಅದಿಲ್ಲದೆ ನಿದ್ದೆ ಬಾರದಂತಾಯಿತು. ಟಿಕ್ ಎನ್ನುವುದೂ ತಾಳವಾದ್ಯವಲ್ಲ. ಮಲಗುವ ಕೋಣೆಯ ಗೋಡೆ ಫ್ಯಾನಿನ ರೆಕ್ಕೆ ಜಾಲರಿಗೆ ತಾಗುತ್ತಿದ್ದ ಸದ್ದು. ಗಂಡ ತೀರಿಹೋದ ಮೇಲೆ ಅವಳು ಆ ಫ್ಯಾನನ್ನು ಬಿಚ್ಚಿಸಿ ಗುಜರಿಗೆ ಹಾಕಿದ್ದಳು.

ಕೆನ್ನೆಯ ಮೇಲಿನ ನೀರು ಇನ್ನೂ ಬೆಚ್ಚಗಿತ್ತು. ಒರೆಸಿಕೊಂಡ ಕೈಯನ್ನು, ಏನೋ ಹೊಲಸು ತಾಗಿದಂತೆ, ಸೀಟಿನ ಬಟ್ಟೆಗೆ ಉಜ್ಜಿದಳು. ಎದ್ದು ಹೊರಗೆ ಓಡಿದಳು. ಶೌಚಾಲಯದ ಬೇಸಿನ್ನಿಗೆ ಬಾಗಿ ವಾಂತಿ ಮಾಡುವಾಗ, ಗೋಡೆಯಾಚೆ ಚಪ್ಪಾಳೆ ಮಳೆ ಹುಯ್ದಂತೆ ಕೇಳಿಸಿತು.

ಸಂಗೀತ ಯಾರದೆಂದು ಕರಪತ್ರ ನೋಡಬೇಕಿರಲಿಲ್ಲ. ಗಂಡನ ಹಳೆಯ ಗೆಳೆಯ, ಎಲ್ಲರೂ 'ಪಿಟೀಲು' ಎಂದೇ ಕರೆಯುತ್ತಿದ್ದವನು. ಗಂಡ ಹಾಸಿಗೆ ಹಿಡಿದಾಗ ಕರೆಯದೆ ಬಂದವನು. "ನೀವು ಮಲ್ಕೊಳ್ಳಿ ಅತ್ತಿಗೆ, ನಾನಿದೀನಿ" ಎಂದು ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಿದ್ದ. ಅವಳು ಆಚೆ ಕೋಣೆಯಲ್ಲಿ ಕೊರಡಿನಂತೆ ನಿದ್ದೆ ಹೋಗುತ್ತಿದ್ದಳು. ಗಂಡ ಕಣ್ಣು ಮುಚ್ಚಿದ್ದೂ ಅಂಥದೊಂದು ನಿದ್ದೆಯ ಹೊತ್ತಿನಲ್ಲೇ. ಒಡಹುಟ್ಟಿದವರೂ ಹಾಗೆ ಕೂರುವುದಿಲ್ಲ ಎಂದು ಅವಳು ಕಂಡಕಂಡವರಿಗೆ ಹೇಳಿದ್ದಳು.

ಬಣ್ಣದ ಕೋಣೆಯಲ್ಲಿ ಬೆವರು, ಪೌಡರು, ಅಂಟಿನ ವಾಸನೆ. ಸತ್ತ ಮುದುಕ ಬನಿಯನ್ನಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. "ಹೆಂಗ್ ಸತ್ತೆ ಮೇಡಂ?"

"ನಿಮ್ಮದೇನೂ ತಪ್ಪಿಲ್ಲ" ಎಂದು ಅವನನ್ನು ದಾಟಿಹೋದಳು.

ಪಿಟೀಲು ಓಣಿಯಂಥ ಜಾಗದಲ್ಲಿ ಮೈಕಿನ ವೈರು ಸುತ್ತುತ್ತಿದ್ದ.

"ಅತ್ತಿಗೆ! ಕಣ್ಣು ಕೆಂಪಗಾಗಿದೆ. ಗೆದ್ದೆ ಹಾಗಾದ್ರೆ."

"ಅದು ಯಾರ ಉಸಿರು?"

ಅವನು ಕೈ ನಿಲ್ಲಿಸಲಿಲ್ಲ. "ಗೊತ್ತಾಗತ್ತೆ ಅಂತ ಗೊತ್ತಿತ್ತು. ಗೊತ್ತಾಗದೇ ಇದ್ದಿದ್ರೆ ನಂಗೇ ಬೇಜಾರಾಗ್ತಿತ್ತು."

"ಅದಕ್ಕೇ ಬಂದು ಕೂರ್ತಿದ್ಯಾ?"

"ಮೊದಮೊದಲು ಅಲ್ಲ."

ಇಲ್ಲ ಎಂದು ಅವನು ಸುಳ್ಳಾದರೂ ಹೇಳಬಹುದಿತ್ತು.

"ಅವನನ್ನ ಕೇಳೇ ಮಾಡಿದ್ದು, ಅತ್ತಿಗೆ. ಮೊಬೈಲ್ ತೋರಿಸಿ, ರೆಕಾರ್ಡ್ ಮಾಡ್ಲಾ ಅಂದೆ. ಕೈ ಅದುಮಿದ."

"ನೊಣ ಕೂತ್ರೂ ಕೈ ಅದುಮ್ತಿದ್ರು ಅವರು! ಉಂಡ ಮನೆ ಜಂತೆ ಎಣಿಸೋರನ್ನ ನೋಡಿದ್ದೆ ಕಣೋ. ಉಸಿರು ಎಣಿಸೋನನ್ನ ಇವತ್ತೇ ನೋಡಿದ್ದು."

"ನಮ್ಮ ರಂಗದ ಮೇಲೆ ಯಾರೂ ಸಾಯಲ್ಲ, ಎಲ್ಲಾ ನಿದ್ದೆ ಮಾಡ್ತಾರೆ ಅಂತ ಬರೆದಿದ್ದು ಯಾರು? ನೀವೇ ತಾನೆ?"

ಬರೆದಿದ್ದಳು. ಆ ಸಾಲಿಗೆ ಓದುಗರಿಂದ ಶಹಬ್ಬಾಸ್ ಕೂಡ ಬಂದಿತ್ತು.

"ನಾಳೆಯಿಂದ ಅದು ಇರಕೂಡದು. ಇದ್ರೆ, ಎಲ್ಲಾ ಬರೀತೀನಿ."

"ಬರೀರಿ." ಅವನು ಆಗ ಮುಖವೆತ್ತಿದ. ಹೆದರಿಕೆಯ ಸುಳಿವಿರಲಿಲ್ಲ, ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವನ ಕಣ್ಣು. "ಒಳಗಿರೋದು ನಿಜವಾದ ಸಾವು, ಅದೂ ನನ್ನ ಗಂಡಂದು ಅಂತ ಬರೀರಿ. ಥೂ ಅಂತ ಉಗಿದು ಬರೀರಿ. ಜನ ಸಾಲುಗಟ್ಟಿ ಬರ್ತಾರೆ. ನಿಮಗೆ ಗೊತ್ತಿಲ್ದೇ ಇರೋದಾ?"

ಅವಳು ತಿರುಗಿ ನಡೆದಳು. ಬಾಗಿಲ ಬಳಿ ಕಾಲು ತಾನಾಗಿ ನಿಂತಿತು. ಕೇಳಬಾರದೆಂದುಕೊಂಡದ್ದು ಬಾಯಿಂದ ಬಿತ್ತು.

"ಕೊನೇ ಉಸಿರೂ ಇದ್ಯಾ?"

"ಇದೆ. ಪರದೆ ಬೀಳೋದೇ ಅದರ ಮೇಲೆ." ಅವನ ದನಿ ಮೆತ್ತಗಾಯಿತು. "ನೀವು ಎದ್ದು ಹೋಗಿದ್ರಿ."

ಮನೆಗೆ ಬಂದು ಬರೆಯಲು ಕೂತಳು. ಇದ್ದುದನ್ನು ಇದ್ದಂತೆ ಬರೆದಳು, ಓದಿದಳು, ಅಳಿಸಿದಳು. ಅವನು ಹೇಳಿದ್ದು ಸರಿಯಾಗಿತ್ತು. ಕೋಪದ ಒಂದೊಂದು ಸಾಲೂ ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಕೂಗಿ ಕರೆಯುವಂತಿತ್ತು. ಬರೆಯದೆ ಬಿಟ್ಟರೂ, ಅವಳ ಕಣ್ಣೀರು ಕಂಡವರ ಬಾಯೇ ಜನ ಸೇರಿಸಲು ಸಾಕು.

ಬೆಳಿಗ್ಗೆ ಸಂಪಾದಕನ ಫೋನು ಬಂತು. "ಏನ್ ಮೇಡಂ, ಶಾಲು ಕಣ್ಣೊರೆಸೋಕೆ ಬಂತಂತೆ? ಊರೆಲ್ಲಾ ಅದೇ ಮಾತು. ಅರ್ಧ ಪುಟ ಇಟ್ಟಿದೀನಿ. ಹೊಗಳ್ತೀರೋ, ಉಗೀತೀರೋ?"

"ಯೋಚನೆ ಮಾಡ್ತಿದೀನಿ."

"ಯಾವುದಾದ್ರೂ ಸರಿ. 'ಪರವಾಗಿಲ್ಲ' ಅಂತ ಮಾತ್ರ ಬರೀಬೇಡಿ ಮಾರಾಯ್ತಿ. ಅದನ್ನ ಓದಿ ಯಾವನೂ ಚಪ್ಪಲಿ ಹಾಕ್ಕೊಳ್ಳಲ್ಲ."

ಫೋನಿಟ್ಟಳು. ಆಮೇಲೆ ಒಂದೇ ಉಸಿರಿಗೆ ಬರೆದಳು. ಹಾಡುಗಳು ಪರವಾಗಿಲ್ಲ. ಮುದುಕನ ಪಾತ್ರಧಾರಿ ಪರವಾಗಿಲ್ಲ. ಎರಡನೇ ಅಂಕ ತುಸು ಎಳೆದಂತಾಯಿತು. ಕೊನೆಯ ದೃಶ್ಯದಲ್ಲಿ ಹಲವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಬೇರೆ ಕೆಲಸವಿಲ್ಲದಿದ್ದರೆ ಒಮ್ಮೆ ನೋಡಬಹುದು.

ಯಾರೂ ಗಡಿಯಾರ ನೋಡಿಕೊಂಡಿರಲಿಲ್ಲ. ಪಕ್ಕದ ಮನೆಯವರ ಮಗಳ ನಾಟಕವನ್ನು ಹಳಿದು ಮೆಟ್ಟಿಲ ಮೇಲೆ ಸಿಕ್ಕಾಗಿನ ಅವರ ನಮಸ್ಕಾರ ಕಳೆದುಕೊಂಡಾಗಲೂ ಅವಳು ಕಾಣದ್ದನ್ನು ಕಂಡೆನೆಂದು ಬರೆದಿರಲಿಲ್ಲ. ಮತ್ತೊಮ್ಮೆ ಓದಿದಾಗ ಒಂದೊಂದು 'ಪರವಾಗಿಲ್ಲ'ವೂ ತುತ್ತಿನಲ್ಲಿ ಸಿಕ್ಕ ಕೂದಲಿನಂತಿತ್ತು. ಹೇಸಿಕೆ ಈಗ ಪಿಟೀಲಿನ ಕಡೆಯಿಂದ ತನ್ನ ಕಡೆಗೂ ಹರಿಯುತ್ತಿತ್ತು. ಕಳಿಸಿಬಿಟ್ಟಳು.

ಓದುಗರು ಅವಳ ಮಾತನ್ನು ನಂಬಿದರು. ನಂಬುವಂತೆ ಅವಳೇ ಅಭ್ಯಾಸ ಮಾಡಿಸಿದ್ದಳು. ಪತ್ರಿಕೆಯಲ್ಲಿ ನಾಟಕದ ಜಾಹೀರಾತು ಅಂಗೈಯಗಲದಿಂದ ಬೆಂಕಿಪೊಟ್ಟಣಕ್ಕಿಳಿಯಿತು. ಆಮೇಲೆ ಒಂದು ದಿನ 'ಕೊನೆಯ ಪ್ರದರ್ಶನ' ಎಂಬ ಸಾಲು ಬಂತು. ಅದನ್ನು ಓದಿದಾಗ ಅವಳಿಗೆ ಹಾಯೆನಿಸಬೇಕಿತ್ತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ಗೊತ್ತಾಗದಷ್ಟು ಹೊತ್ತು ಆ ಸಾಲನ್ನೇ ನೋಡುತ್ತ ನಿಂತಿದ್ದಳು.

ಆ ಸಂಜೆ ಕೌಂಟರಿನಲ್ಲಿ ಟಿಕೆಟ್ ಕೇಳಿದಾಗ ಒಳಗಿದ್ದ ಹೆಂಗಸು ಕನ್ನಡಕ ಸರಿಮಾಡಿಕೊಂಡಳು. "ನಿಮಗೆ ಪಾಸಿರತ್ತಲ್ಲ ಮೇಡಂ?"

"ಇವತ್ತು ಕೆಲಸಕ್ಕೆ ಬಂದಿಲ್ಲಮ್ಮ."

"ಎಲ್ ಬೇಕಾದ್ರೂ ಕೂತ್ಕೊಳ್ಳಿ ಬಿಡಿ. ಹಾಲೆಲ್ಲಾ ನಿಮ್ಮದೇ."

ಅವಳು ಸ್ಪೀಕರಿನ ಕೆಳಗೇ ಕೂತಳು. ಪೀಡೆ ತೊಲಗುವುದನ್ನು ಕಣ್ಣಾರೆ ನೋಡಲು ಬಂದೆ ಎಂದು ತನಗೆ ತಾನೇ ಹೇಳಿಕೊಂಡಳು. ಮೊದಲನೇ ಅಂಕದ ಹಾಡುಗಳು ಕಿವಿಯ ಮೇಲೆ ಹಾಯ್ದುಹೋದವು. ಮಧ್ಯಂತರದಲ್ಲಿ ಇದ್ದ ನಾಲ್ಕು ಜನರಲ್ಲೂ ಕೆಲವರು ಎದ್ದುಹೋದರು. ಮುದುಕ ಬಂದು ಮಂಚದ ಮೇಲೆ ಮಲಗಿದ. ಬೆಳಕು ಇಳಿಯಿತು. ಫ್ಯಾನು ಟಿಕ್ ಎಂದಿತು.

ಎರಡು ಗಿಡ್ಡ, ಒಂದು ಉದ್ದ, ಸಿಳ್ಳೆ. ಪಿಟೀಲು ಏರಿತು, ಮೇಳ ಏರಿತು, ಒಂದೊಂದಾಗಿ ಎಲ್ಲವೂ ಇಳಿದವು. ಉಸಿರೊಂದೇ ಉಳಿಯಿತು. ಅವಳು ಕಣ್ಣು ಮುಚ್ಚಿ, ಕೊನೆಯದಕ್ಕೆಂದು ಕುತ್ತಿಗೆ ಮುಂದೆ ಚಾಚಿದ್ದಳು.

ಹಿಂದಿನ ಸಾಲಿನಲ್ಲಿ ಯಾರೋ ಚಾಕಲೇಟಿನ ಕಾಗದ ಬಿಚ್ಚತೊಡಗಿದರು.

"ಶ್!" ಎಂದಳು ಅವಳು, ತಿರುಗದೆ, ಕೈಯೊಂದನ್ನು ಮೇಲೆತ್ತಿ. ಆ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.