ಕೆಂಪು ತಂತಿಯ ಚೀಟಿ

"ತಪ್ಪು ನನ್ನದೇ ಅಂತ ಬರೆದು ಸೈನ್ ಮಾಡಮ್ಮಾ, ಅಷ್ಟೇ" ಎಂದು ಹೋಟೆಲ್ ಮಾಲೀಕ ರಂಗನಾಥನ್ ಕಾರಿನ ಬಾನೆಟ್ ಮೇಲೆ ಬಿಳಿ ಹಾಳೆ ಇಟ್ಟರು. "ಇಲ್ಲಾಂದ್ರೆ ತಿಂಗಳೊಳಗೆ ಅಂಗಡಿ ಖಾಲಿ ಮಾಡು. ಕಟ್ಟಡ ಯಾರದ್ದು ಅನ್ನೋದು ನೆನಪಿದೆ ತಾನೆ?"

ನಂದಿನಿಗೆ ಚೆನ್ನಾಗಿಯೇ ನೆನಪಿತ್ತು. ಕುಂದಾದ ಪವರ್‌ಹೌಸ್ ಕಾಲೊನಿಯಲ್ಲಿ ಬೆಳೆದ ಹುಡುಗಿ ಡಿಪ್ಲೊಮಾ ಮುಗಿಸಿ ಊಟಿಯ ಮಾರ್ಕೆಟ್ ಹಿಂದೆ ರೇಡಿಯೊ ರಿಪೇರಿ ಅಂಗಡಿ ತೆರೆದು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಬಂದವರು ಅವಳ ತಲೆಯ ಮೇಲಿಂದ ಒಳಗೆ ಇಣುಕಿ "ಮೇಸ್ತ್ರಿ ಇಲ್ವಾ?" ಎಂದೇ ಕೇಳಿದ್ದರು. "ನಾನೇ ಮೇಸ್ತ್ರಿ" ಎಂದು ಹೇಳಿ ಹೇಳಿ ಗಳಿಸಿದ ಹೆಸರು ಈ ಹಾಳೆಗೆ ಸೈನ್ ಮಾಡಿದರೆ ಹೋಗುತ್ತದೆ. ಮಾಡದಿದ್ದರೆ ಅಂಗಡಿ ಹೋಗುತ್ತದೆ.

ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳು. ಸೀಜನ್ನಿನ ಹಳೇ ಕಾರುಗಳ ಪ್ರದರ್ಶನ ಅಂದೇ ಮಧ್ಯಾಹ್ನ, ಅದೇ ಹೋಟೆಲಿನ ಅಂಗಳದಲ್ಲಿ. ರಂಗನಾಥನ್ ಅವರ ಕಪ್ಪು ಕಾರು ಯಾವನೋ ಎಸ್ಟೇಟ್ ದೊರೆ ಬಿಟ್ಟುಹೋದದ್ದು, ಐವತ್ನಾಲ್ಕರ ಮಾಡೆಲ್. ಅದರ ರೇಡಿಯೊ ಸತ್ತು ಎಷ್ಟೋ ವರ್ಷವಾಗಿತ್ತು. "ಮುಖ ದೊರೆಯ ಕಾಲದ್ದೇ ಇರಲಿ, ಹೊಟ್ಟೆ ಮಾತ್ರ ಹೊಸದಾಗಲಿ" ಎಂದಿದ್ದರು. ನಂದಿನಿ ಹಳೇ ಗಾಜಿನ ವಾಲ್ವುಗಳನ್ನೆಲ್ಲ ಕಿತ್ತು ಡಿಜಿಟಲ್ ಬೋರ್ಡ್ ಕೂರಿಸಿದಳು. ಹಳೆಯ ಗುಂಡಿ ತಿರುಗಿಸಿದರೆ ಮುಳ್ಳು ಹಿಂದಿನಂತೆಯೇ ದಾರದ ಮೇಲೆ ಜಾರಬೇಕು, ಒಳಗಿನ ಚಿಪ್ ಆ ತಿರುವನ್ನು ಓದಿ ಎಫ್‌ಎಂ ಹಿಡಿಯಬೇಕು. ಎರಡು ತಿಂಗಳ ಕೆಲಸ. ಅಂಗಡಿಯ ಬೆಂಚಿನ ಮೇಲೆ ಅದು ಗಂಟಲು ಬಿಚ್ಚಿ ಹಾಡಿತ್ತು.

ಆ ಕಾರಿನದೊಂದು ವಿಚಿತ್ರ. ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸು ಗಾಡಿಯ ಮೈಗೆ ಸೇರಿದ್ದರೆ, ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಸೇರಿದ್ದು ಪ್ಲಸ್ಸು, ಅಂದರೆ ಕೆಂಪು ತಂತಿಯ ಕಡೆ. "ನಾನೇ ಬಂದು ಫಿಟ್ ಮಾಡ್ತೇನೆ" ಎಂದಿದ್ದಳು. "ಅತಿಥಿಗಳ ಮುಂದೆ ಹೆಂಗಸು ಕಾರೊಳಗೆ ಬಗ್ಗಿಕೊಂಡು ತಂತಿ ಎಳೆಯೋದಾ? ನಮ್ಮ ಎಲೆಕ್ಟ್ರಿಷಿಯನ್ ಇದ್ದಾನೆ" ಎಂದುಬಿಟ್ಟಿದ್ದರು ರಂಗನಾಥನ್. ಸರಿ, ನಂದಿನಿ ತಂತಿಗೊಂದು ಚೀಟಿ ಕಟ್ಟಿ ದಪ್ಪ ತಮಿಳಕ್ಷರದಲ್ಲಿ ಬರೆದಿದ್ದಳು: ಕೆಂಪು ತಂತಿ ಕಾರಿನ ಮೈಗೆ, ಕಪ್ಪು ತಂತಿ ಬ್ಯಾಟರಿ ಲೈನಿಗೆ. ಈ ಕಾರಿಗೆ ಹೀಗೆಯೇ.

ಈಗ ಕಾರಿನೊಳಗಿಂದ ಕರಕಲು ವಾಸನೆ ಬರುತ್ತಿತ್ತು.

"ಬಿಚ್ಚಿ, ನೋಡ್ತೇನೆ" ಎಂದಳು.

ಎಲೆಕ್ಟ್ರಿಷಿಯನ್ ಚಂದ್ರನ್, ಗೂಡಲೂರಿನ ಮಲಯಾಳಿ, ಸ್ಕ್ರೂ ತೆಗೆದ. ಕಪ್ಪು ತಂತಿ ಮೈಗೆ, ಕೆಂಪು ತಂತಿ ಲೈನಿಗೆ ಹೋಗಿತ್ತು. ತಂತಿ ತಪ್ಪಿದರೂ ಬೋರ್ಡ್ ಉಳಿಯಲಿ ಎಂದು ಅವಳು ಹಾಕಿದ್ದ ಫ್ಯೂಸಿಗೆ ಯಾರೋ ತಾಮ್ರದ ತಂತಿ ಸುತ್ತಿದ್ದರು. ಬೋರ್ಡ್ ಸೀದ ರೊಟ್ಟಿಯಾಗಿತ್ತು.

"ಚೀಟಿ ಓದಲಿಲ್ವಾ?"

"ಓದಿದ್ವಿ. ನೀನು ಉಲ್ಟಾ ಬರೆದಿದ್ದೆ, ತಿದ್ದಿದ್ವಿ" ಎಂದರು ರಂಗನಾಥನ್. "ಕಪ್ಪು ಮೈಗೆ ಹೋಗಬೇಕು ಅಂತ ಜೀಪ್ ಕ್ಲೀನರಿಗೂ ಗೊತ್ತು."

"ಜೀಪಿಗೆ ಸರಿ ಸಾರ್. ಇದು ಜೀಪಲ್ಲ. ತಿದ್ದಿದ್ದು ಯಾರು?"

ಚಂದ್ರನ್ ನೆಲ ನೋಡುತ್ತ ಹೇಳಿದ: "ಒಂದು ಫೋನ್ ಮಾಡಿ ಕೇಳೋಣ ಅಂದೆ, ಚೇಚಿ. ಹೆಂಗಸು ಗಡಿಬಿಡೀಲಿ ಬರೆದಿದ್ದಾಳೆ, ಕೇಳಿದ್ರೆ ಇನ್ನೂ ತಲೆ ಕೆಡಿಸ್ತಾಳೆ ಅಂತ ಸಾರೇ ಅಂದ್ರು. ಫ್ಯೂಸ್ ಎರಡು ಸಲ ಹೋಯ್ತು. ತಂತಿ ಸುತ್ತು ಅಂದ್ರು."

"ಏಯ್!" ಎಂದರು ರಂಗನಾಥನ್.

ನಂದಿನಿಗೆ ಮೈಯೆಲ್ಲ ಉರಿಯಿತು. ಬೋರ್ಡ್ ಸುಟ್ಟದ್ದಕ್ಕಲ್ಲ, ಅದನ್ನು ಇನ್ನೊಂದು ಮಾಡಬಹುದು. ಸರಿಯಾಗಿಯೇ ಬರೆದದ್ದು, ಬರೆದವಳು ಅವಳು ಎಂಬ ಕಾರಣಕ್ಕೇ ಇವರ ಕಣ್ಣಿಗೆ ತಪ್ಪಾಗಿತ್ತು. ಇದೇ ಚೀಟಿಯನ್ನು ಮೀಸೆಯವನೊಬ್ಬ ಬರೆದಿದ್ದರೆ ಎರಡು ಸಲ ಓದುತ್ತಿದ್ದರು, ಫೋನೂ ಮಾಡುತ್ತಿದ್ದರು. ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ ಅನ್ನುತ್ತಾರೆ. ಇಲ್ಲಿ ಅತ್ತೆ ಒಡೆದ ಮಡಕೆಯನ್ನೂ ಸೊಸೆ ತಾನೇ ಒಡೆದೆನೆಂದು ಬರೆದುಕೊಡಬೇಕಂತೆ!

"ಪೆನ್ನು ಕೊಡಿ."

ರಂಗನಾಥನ್ ಮುಖ ಅರಳಿತು. ಪೆನ್ನು ಕೊಟ್ಟರು.

ಅವಳು ಬರೆದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು. "ಈ ರೇಡಿಯೊ ಮಾಡಿದ್ದು ನಾನು, ನಂದಿನಿ. ಚೀಟಿ ಸರಿಯಾಗಿತ್ತು. ಅದಕ್ಕೆ ವಿರುದ್ಧ ತಂತಿ ಕೊಡಿಸಿದ್ದೂ ಫ್ಯೂಸಿಗೆ ತಾಮ್ರ ಸುತ್ತಿಸಿದ್ದೂ ಕಾರಿನ ಮಾಲೀಕರು." ಕೆಳಗೆ ಸೈನು, ತಾರೀಕು.

"ಅಂಗಡಿ ಬೇಡವಾ ನಿನಗೆ?"

"ಬೇಕು ಸಾರ್. ಆದ್ರೆ ರೂಮು ನಿಮ್ಮದು, ಬಿಡಿಸಿದ್ರೆ ಬಿಡ್ತೇನೆ. ಪಕ್ಕದ ಸೋಲೂರು ಹಳ್ಳಿಯ ಬಸ್‌ಸ್ಟಾಪಿನಲ್ಲಿ ಒಂದು ಮೇಜು ಹಾಕಿಕೊಂಡರೂ ಜನ ರೇಡಿಯೊ ಸೆಟ್ ತಂದುಕೊಡ್ತಾರೆ. ತಪ್ಪು ಒಪ್ಪಿಕೊಂಡವಳ ಹತ್ತಿರ ಯಾರು ತರ್ತಾರೆ?"

ಪ್ರದರ್ಶನಕ್ಕೆ ಬಂದವರು ಆಗಲೇ ಒಬ್ಬೊಬ್ಬರಾಗಿ ಅಂಗಳಕ್ಕೆ ಇಳಿಯುತ್ತಿದ್ದರು. ನಂದಿನಿ ಆ ಹಾಳೆಯನ್ನು ಕಾರಿನ ವೈಪರ್ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿ ಗೇಟಿನ ಕಡೆ ನಡೆದಳು.

"ಚಂದ್ರನ್, ಕಿತ್ತು ಹಾಕು ಅದನ್ನ!"

ಚಂದ್ರನ್ ಎರಡೂ ಕೈ ಎತ್ತಿ ತೋರಿಸಿದ. "ಕೈಯೆಲ್ಲ ಗ್ರೀಸು, ಸಾರ್. ದೊರೆ ಕಾರಿನ ಗಾಜು ಕೊಳೆಯಾಗುತ್ತೆ."