ಗೊಂಬೆಯ ಸೊಂಟದಲ್ಲಿ ಪಿಸ್ತೂಲು

ಕಾವಲು ಕೆಲಸದವರ ಮನೆಯಲ್ಲಿ ಒಂದು ತಾಪತ್ರಯ ಇದ್ದೇ ಇರುತ್ತದೆ. ಕೆಲಸ ಮುಗಿಸಿ ಬಂದ ಮನುಷ್ಯ ಬೆಲ್ಟು ಬಿಚ್ಚಿ ಎಲ್ಲಿಡಬೇಕು? ಈ ಮನೆಯ ಯಜಮಾನ ಒಡವೆ ಅಂಗಡಿಯ ಕಾವಲುಗಾರ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೊಳೆಗೆ ಹಾಕಿದರೆ ಬೆಲ್ಟು ಜಾರುತ್ತದೆ, ಕುರ್ಚಿಗೆ ಹಾಕಿದರೆ ಬೀಳುತ್ತದೆ. ಹಾಗಾಗಿ ಅವನು ಅದನ್ನು ಹೊಲಿಗೆ ಕೋಣೆಯಲ್ಲಿ ಬಟ್ಟೆ ತೊಡಿಸಿ ಅಳತೆ ನೋಡುವ ಗೊಂಬೆಗೆ ಕಟ್ಟುತ್ತಿದ್ದ. ತಲೆಯಿಲ್ಲದ, ಕೈಯಿಲ್ಲದ, ಒಂಟಿ ಕಾಲಿನ ಮೇಲೆ ತಿರುಗುವ ಗೊಂಬೆ. ಅದರ ಸೊಂಟದಲ್ಲಿ ಪಿಸ್ತೂಲು.

"ರೀ, ಅದನ್ನ ಬೇರೆ ಕಡೆ ಇಡಿ. ಪಕ್ಕದಲ್ಲಿ ಯಾರೋ ಉಸಿರು ಹಿಡ್ಕೊಂಡು ನಿಂತ ಹಾಗಾಗತ್ತೆ."

"ತಲೆನೇ ಇಲ್ಲ, ಇನ್ನು ಉಸಿರೆಲ್ಲಿಂದ ಬರತ್ತೆ? ಗುಂಡು ತುಂಬೋ ಮ್ಯಾಗಜಿನ್ ತೆಗೆದು ಜೇಬಲ್ಲಿಟ್ಟಿದೀನಿ. ಈಗದು ಬರೀ ಕಬ್ಬಿಣ ಕಣೇ."

ಒಂದು ಸಂಜೆ ಅವನ ಅಕ್ಕ ಬಂದಳು. ಪೊಲೀಸ್ ಶಸ್ತ್ರಾಗಾರದಲ್ಲಿ ದುಡಿದು ನಿವೃತ್ತಳಾದವಳು. ಗೊಂಬೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಅವಳು ಬಾಯಿ ತೆರೆಯುವ ಮೊದಲೇ ತಮ್ಮ, "ಬಂದ ತಕ್ಷಣ ಪಾಠ ಬೇಡಕ್ಕಾ, ಮೊದಲು ಕಾಫಿ ಕುಡಿ" ಎಂದು ಒಳಗೆ ಹೋದ.

ಹೆಂಡತಿ ಒಂದು ಲಂಗದ ಅಂಚಿಗೆ ಲೇಸು ಹೊಲಿಯುತ್ತಿದ್ದಳು. ಬಿಳಿ ಲೇಸು ನೆಲಕ್ಕೆ ತಾಗಿ ಕೊಳೆಯಾಗದಿರಲಿ ಎಂದು ಅದರ ಇನ್ನೊಂದು ತುದಿಯನ್ನು ಗೊಂಬೆಯ ಸೊಂಟಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದಳು. ಯಂತ್ರ ಕಟಕಟ ಓಡುತ್ತಿತ್ತು. ಕಿಟಕಿಯ ಬೆಳಕು ಕಂದುತ್ತಿತ್ತು.

ಆಗ ಗೊಂಬೆ ತಿರುಗಿತು.

ಗಾಳಿ ಇರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಕರೆದವರ ಕಡೆ ಮೈ ತಿರುಗಿಸುವವರಂತೆ ಅದು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ, ಹೆಂಡತಿಯ ಕಡೆ ಹೊರಳಿತು. ಸಡಿಲ ಬೆಲ್ಟಿನಲ್ಲಿ ಓರೆಯಾಗಿ ಜೋತಿದ್ದ ಪಿಸ್ತೂಲೂ ಹೊರಳಿ, ಅದರ ನಳಿಗೆ ಅವಳತ್ತ ಬಂತು. ಅವಳು ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದಳು.

ಅಕ್ಕನ ಕಣ್ಣು ಲೇಸಿನ ಜಾಡು ಹಿಡಿಯಿತು. ಸೂಜಿಯ ಕೆಳಗಿಂದ ಹೊರಟ ಲೇಸು, ಪಿಸ್ತೂಲಿನ ಬಾಯಗಲದ ಅಗ್ಗದ ಒರೆಯೊಳಗೆ ನುಸುಳಿ, ಟ್ರಿಗರ್‌ಗೆ ಸಿಕ್ಕಿಕೊಂಡು ಬಿಗಿಯಾಗುತ್ತಿತ್ತು. ಯಂತ್ರ ಎಳೆಯುತ್ತಿತ್ತು.

"ಪೆಡಲಿಂದ ಕಾಲು ತೆಗಿ! ಮಷಿನ್ ನಿಲ್ಸು!" ಅಕ್ಕ ಕೂಗಿದಳು.

ಯಂತ್ರ ನಿಂತಿತು. ಅಕ್ಕ ಬದಿಯಿಂದ ಬಂದು ಕತ್ತರಿಯಿಂದ ಲೇಸು ತುಂಡರಿಸಿದಳು. ಪಿಸ್ತೂಲನ್ನು ಒರೆಯಿಂದ ತೆಗೆದು, ಯಾರೂ ಇಲ್ಲದ ಮೂಲೆಯ ದಪ್ಪ ಗೋಡೆಗೆ ನಳಿಗೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು, ಪಿಸ್ತೂಲಿನ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದಳು. ಒಂದು ಗುಂಡು ಹೊರಗೆ ಹಾರಿ ನೆಲದ ಮೇಲೆ ಉರುಳಿತು.

ಕಾಫಿ ಹಿಡಿದು ಬಂದ ತಮ್ಮ ನೆಲದ ಮೇಲಿನ ಗುಂಡನ್ನು ನೋಡಿದ. "ಮ್ಯಾಗಜಿನ್ ನನ್ನ ಜೇಬಲ್ಲೇ ಇದೆಯಲ್ಲಕ್ಕಾ…"

"ಬಾಗಿಲು ಹಾಕಿದ್ರೆ ಒಳಗೆ ಹೋಗಿ ಕೂತವನು ಹೊರಗೆ ಬಂದ ಹಾಗಾಯ್ತೇನೋ? ಮ್ಯಾಗಜಿನ್ ತೆಗೆದ್ರೂ ನಳಿಗೆ ಹಿಂದಿನ ಚೇಂಬರ್‌ಗೆ ಹೋದ ಗುಂಡು ಅಲ್ಲೇ ಇರತ್ತೆ. ಟ್ರಿಗರ್ ತಡೆಯೋ ಸೇಫ್ಟಿನೂ ಹಾಕಿಲ್ಲ. ದಿನವಿಡೀ ಹೀಗೇ ತಿರುಗ್ತೀಯಾ?"

"ಕಳ್ಳ ಬಂದಾಗ ಸ್ಲೈಡ್ ಎಳೀತಾ ನಿಂತ್ಕೊಳ್ಳಕ್ಕಾಗತ್ತಾ?"

"ಕಳ್ಳ ಬಂದ್ರೂ ಬರಬಹುದು, ಬರದೇನೂ ಇರಬಹುದು. ನೀನು ಮನೆಗೆ ದಿನಾ ಬರ್ತೀಯಲ್ಲ!"

ಹೆಂಡತಿ ಇನ್ನೂ ಎದ್ದಿರಲಿಲ್ಲ. ಕುಳಿತಲ್ಲಿಂದಲೇ ಕೇಳಿದಳು: "ಹಾಗಾದ್ರೆ ಹೇಗೆ ಇಟ್ಕೋಬೇಕು ಅತ್ತಿಗೆ? ನನಗೂ ಹೇಳಿ. ಇವರು ಮರೆತ್ರೆ ನಾನು ಕೇಳ್ತೀನಿ."

"ಕೆಲಸದಲ್ಲಿರುವಾಗ ಮ್ಯಾಗಜಿನ್ ಒಳಗಿರಲಿ, ಚೇಂಬರ್ ಖಾಲಿ ಇರಲಿ; ಮನೆಗೆ ಬಂದ ಮೇಲೆ ಮ್ಯಾಗಜಿನ್ನೂ ತೆಗೀಬೇಕು. ಇವನಿಗಿರೋ ಅಭ್ಯಾಸಕ್ಕೆ ಅದೇ ಸರಿ. ಬೀಳಲಿ, ಟ್ರಿಗರ್‌ಗೆ ಏನಾದ್ರೂ ಸಿಕ್ಕಲಿ, ಗುಂಡು ಹಾರಲ್ಲ. ಚೇಂಬರ್‌ನಲ್ಲಿ ಗುಂಡಿಟ್ಟು ಸೇಫ್ಟಿ ಹಾಕ್ಕೊಂಡು ಓಡಾಡೋರೂ ಇದಾರೆ. ಅವರಿಗೆ ಅದಕ್ಕೆ ತಕ್ಕ ಪಿಸ್ತೂಲು, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಒರೆ, ಬಿಡದೆ ತರಬೇತಿ ಎಲ್ಲ ಇರತ್ತೆ. ನಿನಗೇನಿದೆಯೋ? ಈ ಹರಕು ಚೀಲ!"

ತಮ್ಮ ತಲೆಯೆತ್ತಲಿಲ್ಲ. "ಹೊಸ ಒರೆ ತರ್ತೀನಿ. ಖಾಲಿ ಮಾಡೋದು ತೋರಿಸು."

"ಮೊದಲು ಮ್ಯಾಗಜಿನ್ ತೆಗಿ, ಆಮೇಲೆ ಸ್ಲೈಡ್ ಎಳಿ. ತಿರುಗುಮುರುಗು ಮಾಡಿದ್ರೆ ಇನ್ನೊಂದು ಗುಂಡು ಚೇಂಬರ್‌ಗೆ ಹೋಗಿ ಕೂರತ್ತೆ. ಎಳೆದ ಮೇಲೆ ಕಣ್ಣಲ್ಲಿ ನೋಡು, ಕಿರುಬೆರಳಲ್ಲಿ ಮುಟ್ಟು."

ಅವನು ಜೇಬಿನ ಮ್ಯಾಗಜಿನ್ ಹೊರಗಿಟ್ಟು ಸ್ಲೈಡ್ ಎಳೆದ. ನೋಡಿದ, ಮುಟ್ಟಿದ. ಹೆಂಡತಿಯೂ ಎದ್ದು ಬಂದು ಇಣುಕಿದಳು. ಪಿಸ್ತೂಲು ಕಬ್ಬಿಣದ ಪೆಟ್ಟಿಗೆಗೆ ಹೋಯಿತು, ಗುಂಡುಗಳು ಬೇರೊಂದು ಬೀಗದೊಳಗೆ. ಮರುದಿನ ಅವನು ಅಂಗಡಿಯ ಕಾವಲುಗಾರರ ತರಬೇತುದಾರನ ಬಳಿ ಹೋಗಿ, ನಾಚಿಕೆ ಬಿಟ್ಟು, ಮೊದಲಿಂದ ಕಲಿಸಿ ಎಂದು ಕೇಳಿದ.

ಆಯುಧ ಹೊತ್ತು ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಗುಂಡಿಗೆ ನಿಮ್ಮವರು ಯಾರು, ಕಳ್ಳ ಯಾರು ಎಂಬುದು ಗೊತ್ತಿಲ್ಲ. ನಿಮ್ಮ ಪಿಸ್ತೂಲಿಗೂ ನಿಮ್ಮ ಅಭ್ಯಾಸಕ್ಕೂ ಯಾವ ಸ್ಥಿತಿ ಸುರಕ್ಷಿತ ಎಂದು ತರಬೇತುದಾರರನ್ನು ಕೇಳಿ ತಿಳಿಯಿರಿ. ಮನೆಯವರೇ, ನೀವೂ ಹೆದರದೆ ಕೇಳಿ: "ಚೇಂಬರ್ ನೋಡಿದ್ರಾ?" ಅದಕ್ಕೆ "ಖಾಲಿ ಇರಬೇಕು ಅನ್ಸತ್ತೆ" ಎಂಬ ಉತ್ತರ ಬಂದರೆ, ಅದರಲ್ಲಿ ಗುಂಡಿದೆ ಎಂದೇ ತಿಳಿಯಿರಿ.