ಮೀಸೆಯ ತುದಿ

ಕ್ಷೌರಿಕನಿಗೆ ಮೀಸೆ ಇರಲಿಲ್ಲ. ಅವನ ಅಪ್ಪನಿಗೂ ಇರಲಿಲ್ಲ. ಇಡೀ ಬೀದಿಯ ಮೀಸೆ ತಿದ್ದುವ ಕೈ ದಿನಾ ಬೆಳಿಗ್ಗೆ ಮೊದಲು ತನ್ನದನ್ನೇ ಬೋಳಿಸುತ್ತಿತ್ತು.

ಗೋದಾಮುಗಳ ಆ ಬೀದಿಯಲ್ಲಿ ಯಾರೂ ಬರೆಯದ ಕಾನೂನೊಂದಿತ್ತು. ಮೇಲಕ್ಕೆ ತಿರುವಿದ ಮೀಸೆ ಯಜಮಾನರಿಗೆ. ಮೂಟೆ ಹೊರುವವರ ಮೀಸೆ ತುಟಿಯ ಅಂಚು ದಾಟಬಾರದು. ಹಮಾಲರು ಕುರ್ಚಿಯಲ್ಲಿ ಕೂತರೆ ಕ್ಷೌರಿಕ ಕೇಳದೆಯೇ ತುದಿ ಕತ್ತರಿಸುತ್ತಿದ್ದ. ಅಪ್ಪ ಕಲಿಸಿದ ಕೆಲಸ.

ಕಾಲು ಮುರಿದು ಎರಡು ತಿಂಗಳು ಮಲಗಿದ್ದ ಹಮಾಲನೊಬ್ಬ ಮೀಸೆ ಬೆಳೆಸಿಕೊಂಡೇ ಕೆಲಸಕ್ಕೆ ಮರಳಿದ. ಅಂದೇ ಗೋದಾಮಿನ ಮೇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತ.

“ಮಧ್ಯಾಹ್ನ ಅವನು ಬರ್ತಾನೆ. ತೆಗೆದುಬಿಡು.”

“ಅವನು ಒಪ್ಪಬೇಕಲ್ಲ ಮೇಸ್ತ್ರಿಗಳೇ?”

“ನಿನ್ನ ಕತ್ತರಿ ಯಾವತ್ತಿಂದ ಒಪ್ಪಿಗೆ ಕೇಳೋಕೆ ಶುರು ಮಾಡ್ತು? ನನಗೇನೂ ಅವನ ಮೇಲೆ ಹಗೆ ಇಲ್ಲ. ಇವತ್ತು ಮೀಸೆ ಏರುತ್ತೆ, ನಾಳೆ ದನಿ ಏರುತ್ತೆ. ಆಮೇಲೆ ಯಜಮಾನರು ಹಿಡಿಯೋದು ನನ್ನ ಜುಟ್ಟು.” ಅವನು ಕನ್ನಡಿಯನ್ನು ಬೆರಳಿನಿಂದ ತಟ್ಟಿದ. “ಒಳ್ಳೇ ಕನ್ನಡಿ. ಅಪ್ಪನ ಕಾಲದ್ದಾ?”

ಮಧ್ಯಾಹ್ನದೊಳಗೆ ಕ್ಷೌರಿಕ ಇಬ್ಬರು ಗಿರಾಕಿಗಳ ಗಲ್ಲ ಗೀರಿದ.

ಹಮಾಲ ಕುಂಟುತ್ತಾ ಬಂದು ಕೂತ. “ಗಡ್ಡ ತೆಗಿಯಣ್ಣ. ಮೀಸೆ ಮಾತ್ರ ಮೇಲಕ್ಕೆ ತಿರುವಿಬಿಡು. ಹೆಂಡ್ತಿ ನೋಡಿ, ಯಾರಪ್ಪಾ ಇದು ಅನ್ನಬೇಕು!”

“ಯಾಕಪ್ಪಾ ಇಲ್ಲದ ಉಸಾಬರಿ? ಮೇಸ್ತ್ರಿ ಸುಮ್ಮನಿರ್ತಾನಾ?”

“ಭಯ ಇಲ್ಲ ಅಂತಲ್ಲಣ್ಣ. ರಾತ್ರಿಯೆಲ್ಲಾ ನಿದ್ದೆ ಬಂದಿಲ್ಲ. ಆದರೆ ಮುಖ ನನ್ನದು ತಾನೇ?”

ಗಡ್ಡ ಮುಗಿಯುವಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ. ಎದುರು ಬದಿಯಲ್ಲಿ ಮೇಸ್ತ್ರಿ ಇಬ್ಬರನ್ನು ಕಟ್ಟಿಕೊಂಡು ನಿಂತಿದ್ದ. ಒಂದೇ ಎಳೆತ ಸಾಕಿತ್ತು. ಕ್ಷೌರಿಕ ಕತ್ತಿಯನ್ನು ತುಟಿಯ ಮೇಲಿಟ್ಟ. ಕೆಳಗೆ, ಚಾಚಿದ ಕತ್ತಿನಲ್ಲಿ ನರವೊಂದು ನಿಶ್ಚಿಂತೆಯಿಂದ ಮಿಡಿಯುತ್ತಿತ್ತು. ರಾತ್ರಿ ಮನೆಯಲ್ಲಿ ಬಾರದ ನಿದ್ದೆ ಪುಣ್ಯಾತ್ಮನಿಗೆ ತನ್ನ ಕತ್ತಿಯ ಕೆಳಗೆ ಬಂದಿದೆ!

ಕ್ಷೌರಿಕ ಕತ್ತಿ ಮಡಚಿದ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೀಸೆಯ ತುದಿ ತಿರುವಿದ. ಕಣ್ಣು ಮತ್ತೆ ಮತ್ತೆ ಬೀದಿಯತ್ತ ಹೋಯಿತು. ಎಡಗಡೆಯದು ಸ್ವಲ್ಪ ಸೊಟ್ಟಗಾಯಿತು. ಅದನ್ನು ಸರಿಮಾಡುತ್ತಿರುವಾಗಲೇ ಬಾಗಿಲಲ್ಲಿ ಮೂರು ನೆರಳು ಬಿದ್ದವು.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಗಾಜು ಗುಡಿಸಿದರು. ಹಮಾಲನ ಮುಖ ಊದಿತ್ತು. ಮೀಸೆ ಸೊಟ್ಟಗೇ ನಿಂತಿತ್ತು. ಕ್ಷೌರಿಕ ಕೈಯಂದಾಜಿನಲ್ಲಿ ತನ್ನ ಗಲ್ಲ ಬೋಳಿಸಿಕೊಂಡ. ಮೇಲ್ತುಟಿಯ ಹತ್ತಿರ ಬಂದಾಗ ಕತ್ತಿ ಕೆಳಗಿಟ್ಟ.

ಹೋದದ್ದು ಇಷ್ಟು: ಅಪ್ಪನ ಕಾಲದ ಕನ್ನಡಿ ಒಂದು, ಹಮಾಲನ ಕೆಲಸ ಒಂದು, ಕ್ಷೌರಿಕನ ಹಲ್ಲು ಎರಡು.